ಚಿಂದಿ ಚೆಂಡು

ಟೈಲರಕ್ಕ ನಡೆಸುವ ಮಕ್ಕಳ ಗುಂಪಿನಲ್ಲಿ ಇದ್ದದ್ದು ಒಂದೇ ಕಾನೂನು: ಚೆಂಡು ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು, ಮುಂದಾಳು ಎಲ್ಲರಿಗಿಂತ ಕೊನೆಗೆ. ಚೆಂಡನ್ನು ಹೊಲಿದವಳೂ ಟೈಲರಕ್ಕನೇ, ತನ್ನ ಅಂಗಡಿಯಲ್ಲಿ ಉಳಿದ ಬಟ್ಟೆಚೂರು ತುಂಬಿ. ಹದಿಹರೆಯದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅದು ಸಂತೆಯೇ ಸರಿ. ಈ ಚೆಂಡಿಲ್ಲದಿದ್ದರೆ 'ಮೈಕು' ಎಂಬ ಹುಡುಗ ಉಳಿದವರಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ.

ಬಡಾವಣೆಯ ಸಮುದಾಯ ಭವನದ ಹಿಂದಿನ ಕೋಣೆ ಅವರದು. ಅಪ್ಪ ಅಮ್ಮ ಕಾರ್ಖಾನೆಯ ಪಾಳಿ ಮುಗಿಸಿ ಬರುವವರೆಗೆ ಚಿಕ್ಕ ಮಕ್ಕಳನ್ನು ಈ ದೊಡ್ಡ ಮಕ್ಕಳು ಅಲ್ಲಿ ನೋಡಿಕೊಳ್ಳುತ್ತಿದ್ದರು. ಲೆಕ್ಕ ಹೇಳಿಕೊಡುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು, ಎಲ್ಲ ಬಿಟ್ಟಿ ಕೆಲಸ. ಈ ವರ್ಷದ ಮುಂದಾಳು 'ಗುಬ್ಬಚ್ಚಿ' ಎಂಬ ಹುಡುಗಿ. ಬಂದ ಹೊಸದರಲ್ಲಿ ಅವಳ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಟೈಲರಕ್ಕನಿಗೆ ಸಾಕುಸಾಕಾಗುತ್ತಿತ್ತು. ಈಗ ಅವಳು ಎಲ್ಲರದ್ದೂ ಕೇಳಿ, ಕೊನೆಗೆ ಚೆಂಡು ಹಿಡಿದು, ನಾಲ್ಕೇ ಮಾತಿನಲ್ಲಿ ತೀರ್ಮಾನ ಹೇಳಿದರೆ ಮೈಕು ಕೂಡ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ. ಅದನ್ನು ನೋಡಿದರೆ ಟೈಲರಕ್ಕನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಆ ಕೋಣೆಯನ್ನು ಸೋಫಾ ವ್ಯಾಪಾರಿಯೊಬ್ಬನಿಗೆ ಗೋದಾಮಿಗೆಂದು ಕೊಡಲು ಭವನದ ಸಮಿತಿ ಹೊರಟಿತು. ಮಕ್ಕಳ ಕಡೆಯಿಂದಲೂ ಒಬ್ಬರು ಬಂದು ಹೇಳುವುದಿದ್ದರೆ ಹೇಳಲಿ ಎಂದು ಸಮಿತಿಯ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಗುಬ್ಬಚ್ಚಿ ವಾರವಿಡೀ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದಳು. ಕೋಣೆ ಹೋದರೆ ಚಿಕ್ಕವರೆಲ್ಲ ಬೀಗ ಹಾಕಿದ ಮನೆಗಳ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂರಬೇಕು ಎಂಬುದೇ ಅದರ ತಿರುಳು. ನಾನು ಹಿಂದೆ ಕೂತಿರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ, ಇದು ನಿನ್ನ ಸಭೆ ಎಂದು ಟೈಲರಕ್ಕ ಮಾತು ಕೊಟ್ಟಳು.

ಸಭೆಯಲ್ಲಿ ಗುಬ್ಬಚ್ಚಿ ಎದ್ದು ಚೆಂಡಿನ ಕಾನೂನು ವಿವರಿಸಿ, ಚೆಂಡನ್ನು ಅಧ್ಯಕ್ಷರ ಕೈಗಿಟ್ಟು, ತನ್ನ ಸರದಿ ಕೊನೆಗೆಂದು ಕೂತಳು. ಎಲ್ಲರೂ ನಕ್ಕರು. ಇಂಥ ಮಕ್ಕಳೇ ನಾಳಿನ ನಾಯಕರು ಎಂದು ಅಧ್ಯಕ್ಷರು ಹೊಗಳಿದರು. ಆಮೇಲೆ ಚೆಂಡನ್ನು ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತಾ ಸೋರುವ ಚಾವಣಿ, ಬಾಡಿಗೆ, ಕೆಟ್ಟ ಪಂಪು ಎಂದು ಹೇಳುತ್ತಲೇ ಹೋದರು. ಸಮಿತಿಯ ಉಳಿದವರು ಚೆಂಡಿನ ಗೊಡವೆಯಿಲ್ಲದೆ ನಡುನಡುವೆ ಬಾಯಿ ಹಾಕಿದರು. ಗುಬ್ಬಚ್ಚಿಯ ಕಣ್ಣು ಮಾತ್ರ ಚೆಂಡಿನ ಹಿಂದೆಯೇ ಓಡಾಡುತ್ತಿತ್ತು. ಕಿತ್ತುಕೊಳ್ಳೇ ತಾಯಿ ಎಂದು ಟೈಲರಕ್ಕನ ಗಂಟಲಿನವರೆಗೆ ಬಂತು. ಕೊಟ್ಟ ಮಾತು ನೆನಪಾಗಿ ನುಂಗಿಕೊಂಡಳು. ಸುಡುಗಾಡು ಮಾತು.

"ಹಾಗಾದ್ರೆ ಮಕ್ಕಳದ್ದೂ ಏನೂ ತಕರಾರಿಲ್ಲ," ಎಂದರು ಅಧ್ಯಕ್ಷರು.

ಕೈಗಳು ಎದ್ದವು, ಇಳಿದವು. ಕೋಣೆ ಹೋಯಿತು. ಹೊರಡುವಾಗ ಅಧ್ಯಕ್ಷರು ಮರೆಯದೆ ಗುಬ್ಬಚ್ಚಿಯ ಬಳಿ ಬಂದರು.

"ತಗೊಳ್ಳಮ್ಮ, ನಿನ್ನ ಚೆಂಡು. ಚೆನ್ನಾಗಿ ಹೊಲಿದಿದ್ದಾರೆ."

ಸಭೆ ಖಾಲಿಯಾದ ಮೇಲೂ ಗುಬ್ಬಚ್ಚಿ ಅಲ್ಲೇ ನಿಂತಿದ್ದಳು. ಟೈಲರಕ್ಕ ಹೋಗಿ ಹೆಗಲು ಮುಟ್ಟಿದಳು. ಎಲ್ಲರೂ ಸರದಿ ಕಾಯುವ ಜನ ಎಂದು ನಂಬಿಸಿ ನಾನೇ ಈ ಹುಡುಗಿಯ ಕತ್ತು ಕೊಯ್ದೆ ಎನ್ನಿಸಿತು ಅವಳಿಗೆ.

"ಈಗ ನನ್ನ ಸರದಿ ಅಲ್ವಾ ಅಕ್ಕ?" ಎಂದಳು ಗುಬ್ಬಚ್ಚಿ.

ಟೈಲರಕ್ಕ ಕುರ್ಚಿ ಎಳೆದುಕೊಂಡು ಅವಳೆದುರು ಕೂತಳು. ಹುಡುಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಲಿತದ್ದನ್ನೆಲ್ಲ ಒಂದಕ್ಷರ ಬಿಡದೆ ಖಾಲಿ ಕುರ್ಚಿಗಳಿಗೆ ಹೇಳತೊಡಗಿದಳು. ಹಿಂದಿನ ಕೋಣೆಯಲ್ಲಿ ಸೋಫಾ ವ್ಯಾಪಾರಿ ಆಗಲೇ ಟೇಪು ಹಿಡಿದು ಬಾಗಿಲಿನ ಅಗಲ ಅಳೆಯುತ್ತಿದ್ದ.