ಬಿಲ್ಲೆಯ ಹಿಂದಿನ ಬಟ್ಟೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳಿಗೆ ಬೀದಿಯವರು ಟೋಪಿಯಮ್ಮ ಎಂದು ಹೆಸರಿಟ್ಟಿದ್ದರು. "ಯಾರಾದ್ರೂ ಟೋಪಿ ಹಾಕಿದ್ರೆ ನಮಗೆಲ್ಲ ಸಿಟ್ಟು ಬರುತ್ತೆ, ಇವರು ಹುಡುಕ್ಕೊಂಡು ಹೋಗಿ ಹಾಕಿಸ್ಕೊಂಡು ಬರ್ತಾರೆ" ಎಂದು ಎದುರುಮನೆಯ ದರ್ಜಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಅವಳ ಮನೆಯ ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಗಾಜಿನ ಬೀರು, ಅದರ ತುಂಬ ಸೈನ್ಯದ ಹೆಂಗಸರು ತೊಡುತ್ತಿದ್ದ ಹಳೆಯ ಬೆರೆಟ್ ಟೋಪಿಗಳು. ಮದುವೆಯಾಗದ ಅವಳಿಗೆ ಅವೇ ಸಂಸಾರ.

ಟೋಪಿ ಯಾವ ಕಾಲದ್ದೆಂದು ಅವಳು ಕೈಗೆತ್ತಿಕೊಂಡು ಹೇಳಬಲ್ಲಳು. ಒಳಗಿನ ಅಸ್ತರು ಹತ್ತಿಯದೋ ನೈಲಾನಿನದೋ, ಹಣೆಗೆ ತಾಗುವ ಪಟ್ಟಿ ಚರ್ಮದ್ದೋ ರೆಕ್ಸಿನ್ನೋ, ಗಾಳಿಯಾಡುವ ತೂತಿನ ಸುತ್ತ ಹಿತ್ತಾಳೆಯೋ ಬಣ್ಣ ಬಳಿದ ತಗಡೋ, ಎಲ್ಲ ನೋಡುತ್ತಿದ್ದಳು. ಆದರೆ ಅವಳು ಹೆಚ್ಚು ನಂಬಿದ್ದು ಬಿಲ್ಲೆಯ ಹಿಂದಿನ ಬಟ್ಟೆಯನ್ನು. ಪಡೆಯ ಗುರುತಾದ ಲೋಹದ ಬಿಲ್ಲೆಗೆ ಆಸರೆಯಾಗಿ ಟೋಪಿಯ ಮೇಲೆ ಕೂರುವ ಅಂಗೈಗಿಂತ ಚಿಕ್ಕ ಹಸಿರು ತುಂಡು ಅದು. ಮೊದಮೊದಲು ಉಣ್ಣೆಯ ಬಟ್ಟೆಯನ್ನು ಹುಡುಗಿಯರೇ ಕತ್ತರಿಸಿ ಹೊಲಿದುಕೊಳ್ಳುತ್ತಿದ್ದರು. ಯುದ್ಧ ಮುಗಿದು ಮಹಿಳಾ ಪಡೆಯನ್ನು ಹೊಸದಾಗಿ ಕಟ್ಟಿದ ಮೇಲೆ ಬೆನ್ನಿಗೆ ಗಟ್ಟಿ ಪ್ಲಾಸ್ಟಿಕ್ ಅಂಟಿಸಿದ, ಯಂತ್ರ ಕತ್ತರಿಸಿದ ತುಂಡುಗಳು ಬಂದವು. "ಬಿಲ್ಲೆ ನೋಡಿ ಮೋಸ ಹೋಗ್ಬೇಡಿ, ಅದು ಒಂದು ಟೋಪಿಯಿಂದ ಇನ್ನೊಂದಕ್ಕೆ ಹೋಗ್ತಾ ಇರುತ್ತೆ" ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಬೀರುವಿಗೆ ಸೇರದ ಟೋಪಿ ಒಂದಿತ್ತು. ಹಾಸಿಗೆ ಹಿಡಿದಿದ್ದ ಅಮ್ಮನ ದಿಂಬಿನ ಪಕ್ಕದಲ್ಲೇ ಅದರ ಜಾಗ. ಅದು ಅಕ್ಕನದು. ಅಕ್ಕ ಮಹಿಳಾ ಪಡೆಯಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದಳು. ಯುದ್ಧದ ಕೊನೆಗೆ ನದಿ ದಾಟುವಾಗ ದೋಣಿ ಮಗುಚಿತು. ಉಳಿದವರ ಹೆಣ ಸಿಕ್ಕವು, ಅಕ್ಕನದು ಸಿಗಲಿಲ್ಲ. ಅವಳ ಪೆಟ್ಟಿಗೆ ಯಾವ ಯಾವುದೋ ಉಗ್ರಾಣದಲ್ಲಿ ಬಿದ್ದಿದ್ದು ಎಷ್ಟೋ ವರ್ಷದ ಮೇಲೆ ಮನೆಗೆ ಬಂತು. ಅದರೊಳಗಿದ್ದ ಟೋಪಿಯನ್ನು ಅಮ್ಮ ಯಾರ ಕೈಗೂ ಕೊಡಲಿಲ್ಲ. "ನೋಡೋದಾದ್ರೆ ಅಲ್ಲಿಂದ್ಲೇ ನೋಡು" ಎನ್ನುತ್ತಿದ್ದಳು. ಟೋಪಿಯಮ್ಮನಿಗೆ ಈ ಹುಚ್ಚು ಹತ್ತಿದ್ದೇ ಹಾಗೆ ದೂರದಿಂದ ನೋಡಿ ನೋಡಿ.

ಒಂದು ಬೆಳಿಗ್ಗೆ ಅಮ್ಮನ ಕೈ ತಾಗಿ ಕೆಮ್ಮಿನ ಔಷಧಿ ಟೋಪಿಯ ಮೇಲೆ ಚೆಲ್ಲಿತು. ಬೇರೆ ದಾರಿಯಿಲ್ಲದೆ ಅಮ್ಮ, "ತೊಳೆದು ಕೊಡು, ಹುಷಾರು" ಎಂದು ಅದನ್ನು ನೀಡಿದಳು.

ಕಿಟಕಿಯ ಬಳಿ ಕೂತು ಟೋಪಿಯಮ್ಮ ಬಿಲ್ಲೆಯ ಹೊಲಿಗೆ ಬಿಚ್ಚಿದಳು. ಬಿಲ್ಲೆ ಅಕ್ಕನದೇ, ತನ್ನ ಸಾಮಾನಿಗೆಲ್ಲ ಅವಳು ಸೂಜಿಯಿಂದ ಗೀಚುತ್ತಿದ್ದ ಪುಟ್ಟ ಹಕ್ಕಿ ಅದರ ಹಿಂಬದಿಯಲ್ಲಿತ್ತು. ಆದರೆ ಬಟ್ಟೆಯನ್ನು ತಿರುಗಿಸಿದರೆ ಬೆನ್ನಿಗೆ ಪ್ಲಾಸ್ಟಿಕ್. ಆ ಬಟ್ಟೆ ಹುಟ್ಟಿದ್ದೇ ದೋಣಿ ಮುಳುಗಿದ ಮೇಲೆ. ಒಂದು ಗಳಿಗೆ ಕೂತು ಯೋಚಿಸಬೇಕಿತ್ತು. ಯೋಚಿಸದೆ ಅಮ್ಮನ ಕೋಣೆಗೆ ಓಡಿದಳು.

"ಅಮ್ಮಾ, ಅಕ್ಕ ಆ ದೋಣಿಯಲ್ಲಿ ಹೋಗ್ಲಿಲ್ಲ ಅನ್ಸುತ್ತೆ."

"ಯಾರು ಹೇಳಿದ್ರು?"

"ಈ ಬಟ್ಟೆ ಆಮೇಲಿಂದು ಅಮ್ಮ. ಆಮೇಲೂ ಅವಳು ಟೋಪಿ ಹಾಕ್ಕೊಂಡಿದ್ದಾಳೆ."

"ನಿಂಗೆ ಗೊತ್ತಾಗುತ್ತಾ ಅದೆಲ್ಲ?"

"ನಂಗೆ ಗೊತ್ತಿರೋದೇ ಇದೊಂದು."

ಅಮ್ಮ ಎದ್ದು ಕೂತಳು. ಆವತ್ತು ತಲೆ ಬಾಚಿಸಿಕೊಂಡಳು, ತಟ್ಟೆಯಲ್ಲಿ ಒಂದಗುಳು ಬಿಡದೆ ಉಂಡಳು. "ಅವಳಿಗೂ ಈಗ ವಯಸ್ಸಾಗಿರುತ್ತೆ, ನಮ್ಮ ಮೆಟ್ಟಿಲು ಹತ್ತೋಕಾಗುತ್ತೋ ಇಲ್ವೋ" ಎಂದು ನಕ್ಕಳು. ಮಂಚವನ್ನು ಬೀದಿಯ ಕಿಟಕಿಗೆ ಎಳೆಸಿದಳು. ಹೊರಗೆ ಹೆಂಗಸರ ದನಿ ಕೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತಿತ್ತು.

ಆ ವಾರ ಚಿಕ್ಕಪ್ಪ ಬಂದ. ತೀರಿಹೋದ ಅಪ್ಪನ ತಮ್ಮ. ವಿಷಯ ಕೇಳಿ ಅವನ ಮುಖ ಕಪ್ಪಿಟ್ಟಿತು. ಅಡುಗೆಮನೆಗೆ ಅವಳನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮಮ್ಮ ಆಪರೇಷನ್ ಅಂತ ಆಸ್ಪತ್ರೇಲಿದ್ದಾಗ ಆ ಟೋಪಿಗೆ ಹುಳ ಬಿದ್ದಿತ್ತು ಕಣೆ. ಎತ್ತಿ ಹಿಡಿದ್ರೆ ಜರಡಿ. ನಿಮ್ಮಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಇಬ್ರೂ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದು ಅಂಥದೇ ಸವೆದಿದ್ದೊಂದು ತಂದ್ವಿ. ಬಿಲ್ಲೆ ಮಾತ್ರ ನಿಮ್ಮಕ್ಕನದು. ಯಾರೂ ಬಿಚ್ಬಾರ್ದು ಅಂತ ನಿಮ್ಮಪ್ಪ ತಾನೇ ಹೊಲಿದ."

"ಹಳೇದು?"

"ಒಲೆಗೆ ಹಾಕಿದ್ವಿ."

ಬಂದವರಿಗೆಲ್ಲ ಪಾಠ ಹೇಳಿದವಳು ತನ್ನ ಮನೆಯ ಬಿಲ್ಲೆಯ ಮುಂದೆ ಎಡವಿದ್ದಳು.

"ಹೇಳ್ಬೇಡ, ಹಾಗೇ ಇರ್ಲಿ ಬಿಡು. ಆಸೆ ಇಟ್ಕೊಂಡೇ ಹೋಗ್ಲಿ" ಎಂದ ಚಿಕ್ಕಪ್ಪ.

ಅವಳು ಬಾಯಿ ಬಿಗಿಹಿಡಿದಳು. ಆದರೆ ಅಮ್ಮನ ಆಸೆ ಹೆಚ್ಚು ದಿನ ಆಸೆಯಾಗಿ ಉಳಿಯಲಿಲ್ಲ. ಊಟ ಮತ್ತೆ ತಟ್ಟೆಯಲ್ಲೇ ಉಳಿಯತೊಡಗಿತು. ಒಂದು ಮಧ್ಯಾಹ್ನ ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದಳು: "ಸತ್ತಿದ್ದಾಳೆ ಅಂದ್ಕೊಂಡು ಅತ್ತು ಮುಗಿಸಿದ್ದೆ. ಬದುಕಿದ್ದೂ ಇಷ್ಟು ವರ್ಷ ಬರ್ಲಿಲ್ಲ ಅಂದ್ರೆ ಏನರ್ಥ? ಹೊರಡೋವಾಗ ಬೈದಿದ್ದೆ. ಹಾಳಾಗಿ ಹೋಗು ಅಂದಿದ್ದೆ. ಅದನ್ನೇ ಹಿಡ್ಕೊಂಡಿದ್ದಾಳೆ."

ಟೋಪಿಯಮ್ಮನಿಗೆ ತಡೆಯಲಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಎಲ್ಲ ಹೇಳಿದಳು, ಹುಳ, ಹಳೆ ಸಾಮಾನಿನ ಅಂಗಡಿ, ಅಪ್ಪನ ಹೊಲಿಗೆ. "ಅಕ್ಕ ಆವತ್ತೇ ಹೋದ್ಲು ಅಮ್ಮ. ತಪ್ಪು ನಂದು."

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ನಾನು ಕೊರಗ್ತೀನಿ ಅಂತ ಕತೆ ಕಟ್ತಿದ್ದೀಯ."

"ಇಲ್ಲ ಅಮ್ಮ, ಚಿಕ್ಕಪ್ಪನ್ನ ಕೇಳು."

ಚಿಕ್ಕಪ್ಪನನ್ನೂ ಕರೆಸಿದ್ದಾಯಿತು. ಅವನು ಅಮ್ಮನ ಕೈ ಹಿಡಿದು ಆಣೆಯಿಟ್ಟು ಹೇಳಿದ. ಅಮ್ಮ ಕೈ ಬಿಡಿಸಿಕೊಂಡಳು. "ಇಬ್ರೂ ಮಾತಾಡ್ಕೊಂಡು ಬಂದಿದ್ದೀರ. ಬಟ್ಟೆ ನೋಡಿದ್ರೆ ಗೊತ್ತಾಗುತ್ತೆ ಅಂದಿದ್ದು ನೀನೇ ತಾನೆ? ಅವಳು ಇದ್ದಾಳೆ. ನಾನು ಬೇಡ ಅವಳಿಗೆ." ಟೋಪಿಯನ್ನು ಮಗಳ ಮಡಿಲಿಗೆ ತಳ್ಳಿ, "ನಿನ್ನ ಬೀರುಗೇ ಹಾಕ್ಕೋ" ಎಂದಳು.

ಆಮೇಲೆ ಮಂಚವನ್ನು ಕಿಟಕಿಯಿಂದ ಸರಿಸಲು ಹೇಳಿದಳು. ಅಕ್ಕನ ಮಾತನ್ನು ಎತ್ತಲಿಲ್ಲ. ಮಗಳು ಎತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಚಳಿ ಶುರುವಾಗುವ ಹೊತ್ತಿಗೆ ಅನ್ನ ನೀರು ಎರಡೂ ನಿಂತವು. ಬಂದು ನೋಡಿದ ಡಾಕ್ಟರು ಕಾಯಿಲೆ ಏನೂ ಹೊಸದಿಲ್ಲ ಎಂದರು.

ತೀರಿಕೊಂಡ ಅಮ್ಮನನ್ನು ಹೊರಡಿಸುವ ದಿನ ಚಿಕ್ಕಪ್ಪ ಬೀರುವಿನ ಮುಂದೆ ನಿಂತು, "ಆ ಟೋಪೀನ ಜೊತೇಲಿ ಇಡೋಣ್ವಾ?" ಎಂದು ಕೇಳಿದ.

"ಬೇಡ ಚಿಕ್ಕಪ್ಪ" ಎಂದಳು ಟೋಪಿಯಮ್ಮ. "ಅಮ್ಮನಿಗೆ ಬೇಡವಾಗಿತ್ತು."

ದರ್ಜಿ ಮತ್ತು ಅಂಗಡಿಯವರು ಹೆಗಲು ಕೊಟ್ಟರು. ಮೆಟ್ಟಿಲ ತಿರುವು ಇಕ್ಕಟ್ಟು. ಮೆಲ್ಲಗೆ, ಮೆಲ್ಲಗೆ ಎನ್ನುತ್ತ ಅವಳು ಹಿಂದೆ ಇಳಿದಳು.