ಅಮ್ಮಿಯ ಮಂಚದ ಮೇಲಿನ ಅಲಾರಂ

ನನಗೆ ಸಿಟ್ಟು ಬಂದರೆ ಮೈಮೇಲೆ ಖಬರು ಇರುವುದಿಲ್ಲ. ಅವತ್ತೂ ಇರಲಿಲ್ಲ.

ತಿಕೋಟಾದ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದೆ. ವಿಜಯಪುರದಿಂದ ಫೋನು ಬಂತು: "ಅಂಜುಮ ಟೀಚರ್, ಅಂಗಡಿಗೆ ಬೆಂಕಿ ಹತ್ಯಾದ, ಲಗೂನ ಬರ್ರಿ!" ನಮ್ಮದು ಗಾದಿ ಅಂಗಡಿ. ಕೆಳಗೆ ತಮ್ಮ ಉಮರ ಮಷೀನಿನಲ್ಲಿ ಹತ್ತಿ ಹಿಂಜಿಸುತ್ತಾನೆ. ಮೇಲಿನ ಕೋಣೆಯಲ್ಲಿ ನಡೆಯಲಾಗದ ಅಮ್ಮಿ ಮಲಗಿರುತ್ತಾಳೆ. ಅದಕ್ಕೆಂದೇ ಅವಳ ಮಂಚದ ನೇರಕ್ಕೆ ಹೊಗೆ ಅಲಾರಂ ಹಾಕಿಸಿದ್ದೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಬೆಂಕಿ ಆರಿತ್ತು. ಪಕ್ಕದ ಅಂಗಡಿಯ ಸಂಗನಬಸವ ಅಮ್ಮಿಯನ್ನು ಬೆನ್ನ ಮೇಲೆ ಹೊತ್ತು ತಂದು ಕಟ್ಟೆಗೆ ಕೂಡಿಸಿದ್ದ. ಅವಳ ಮುಖವೆಲ್ಲ ಮಸಿ, ಉಸಿರಿಗೊಮ್ಮೆ ಕೆಮ್ಮು.

"ಇನ್ನೊಂದೀಟ ತಡಾ ಆಗಿದ್ರ ಮುದುಕಿ ಸಿಗ್ತಿರಲಿಲ್ರಿ" ಎಂದ.

"ಅಲಾರಂ ಹೊಡಕೊಳ್ಳಲಿಲ್ಲೇನ?"

"ಯಾವ ಅಲಾರಂರೀ?"

ಮೇಲಕ್ಕೆ ಓಡಿದೆ. ಅಲಾರಂ ಇತ್ತು. ಅದಕ್ಕೆ ಹಳೆಯ ಪೇಪರನ್ನು ಪದರು ಪದರಾಗಿ ಸುತ್ತಿ ಟೇಪು ಬಡಿದಿದ್ದರು. ಹೊಗೆ ಒಳಗೆ ಹೋಗಬೇಕೆಂದರೂ ದಾರಿಯಿಲ್ಲ! ಇಳಿದು ಬಂದವಳೇ ಕಟ್ಟೆಯ ಹತ್ತಿರ ನಿಂತಿದ್ದ ಉಮರನ ಕಪಾಳಕ್ಕೆ ಬಿಗಿದೆ.

"ಹೊಟ್ಟಿಗೆ ಏನ ತಿಂತೀಯಲೇ? ಅಮ್ಮೀನ ಸುಡಾಕ ನಿಂತಿದ್ದೇನ?"

"ನೀನ ಹೇಳಿದ್ದಿ ಅಲ್ಲ ಆಪಾ, ಕಾಗದ ಅಡ್ಡ ಇದ್ರ ಅದು ದಾಟೂದಿಲ್ಲಂತ."

ಹೇಳಿದ್ದೆ, ಊಟಕ್ಕೆ ಕೂತಾಗ. ಅಲಾರಂ ಒಳಗೆ ಚೂರೇ ಚೂರು ಅಮೆರಿಸಿಯಂ ಎಂಬ ವಿಕಿರಣ ಸೂಸುವ ಧಾತು ಇದೆ, ಅದು ಒಡೆದು ನೆಪ್ಚೂನಿಯಂ ಆಗುತ್ತದೆ, ನೆಪ್ಚೂನಿಯಂ ಒಡೆದು ಮತ್ತೊಂದು, ಹೀಗೆ ಲಕ್ಷಾಂತರ ವರ್ಷ ಪೀಳಿಗೆ ಸಾಗುತ್ತದೆ. ಅಮೆರಿಸಿಯಂ ಉಗುಳುವ ಕಣಗಳಿಂದ ಒಳಗೆ ಸಣ್ಣ ಕರೆಂಟು ಹರಿಯುತ್ತದೆ, ಹೊಗೆ ನುಗ್ಗಿದರೆ ಕರೆಂಟು ಕುಗ್ಗಿ ಅಲಾರಂ ಒದರುತ್ತದೆ. ಆ ಕಣ ಒಂದು ಹಾಳೆಯನ್ನೂ ದಾಟಲಾರದು, ಹೆದರಬೇಡಿ ಎಂದಿದ್ದೆ. ಹೆದರಬೇಡಿ ಎಂದದ್ದನ್ನು ಬಿಟ್ಟು ಹಾಳೆಯನ್ನಷ್ಟೇ ಹಿಡಿದುಕೊಂಡಿದ್ದಾರೆ ಪುಣ್ಯಾತ್ಮರು!

ಮತ್ತೆ ಕೈ ಎತ್ತಿದೆ. ಅಮ್ಮಿ ನನ್ನ ಸೆರಗು ಜಗ್ಗಿದಳು.

"ಅವಗ ಹೊಡೀಬ್ಯಾಡ. ಅವ ಒಲ್ಲೆ ಅಂದಿದ್ದ. ನಾನ ಆಣಿ ಹಾಕಿ ಸುತ್ತಿಸೇನಿ. ಕೈನಾತ ದಿನಾ ನನ್ನ ಕಾಲು ಒತ್ತಾಕ ಅದರ ಬುಡಕ ಕುಂದರತಾಳ. ಬಸರಿ ಹೆಂಗಸು. ಆ ಒಡಿಯೂದು ಕೂಸಿಗೆ ತಾಕಬಾರದು."

ಉಮರನ ಹೆಂಡತಿ ಕೈನಾತ ಬಾಗಿಲಿಗೆ ಆತು ನಿಂತು ಬಿಕ್ಕುತ್ತಿದ್ದಳು.

"ನೀ ಸತ್ತಿದ್ರ?" ಎಂದೆ ಅಮ್ಮಿಗೆ.

"ನಂದೇನೈತಿ ಬೇ, ಮುಗದ ಹ್ವಾದ ಆಯುಷ್ಯ. ಕೂಸು ಚೊಲೋ ಇದ್ರ ಸಾಕು."

ನೆತ್ತಿಗೇರಿತು ನನಗೆ. "ಹಂಗಾರ ನಾಳೆ ಆ ಕೂಸು ಅಜ್ಜಿ ಎಲ್ಲಿ ಅಂತ ಕೇಳಿದ್ರ, ನಿನ್ನ ಸಲುವಾಗಿ ಸುಟ್ಟಕೊಂಡ ಸತ್ಳು ಅಂತ ಹೇಳ್ಲೇನ?"

ಅಮ್ಮಿ ಮಸಿ ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಬೈಯುತ್ತಲೇ ಅವಳ ಮುಖ ಒರೆಸಿದೆ.