ಗ್ಯಾಸ್ ಖಾಲಿಯಂತೆ!

ಅವಳ ಕಸುಬು ಕೇಕ್ ಮಾಡುವುದು. ಮನೆಯ ಹಿಂದಿನ ಕೋಣೆಯಲ್ಲೇ ಓವನ್ನು, ಫ್ರಿಜ್ಜು, ಉದ್ದನೆಯ ಮೇಜು. ಮಾಡಿದ ಕೇಕು ಕ್ರೀಮ್ ಕರಗದೆ ಗಿರಾಕಿಯ ಮನೆ ಮುಟ್ಟಬೇಕಾದರೆ ಕಾರಿನ ಏಸಿ ನೆಟ್ಟಗಿರಬೇಕು. ಈ ಬೇಸಿಗೆಯಲ್ಲಿ ಅದೇ ಕೈಕೊಟ್ಟಿತು. ಒಮ್ಮೆ ತಣ್ಣಗೆ ಊದುತ್ತಿತ್ತು, ಒಮ್ಮೆ ಒಲೆಯ ಮುಂದೆ ಕೂರಿಸಿದ ಹಾಗೆ.

"ಗ್ಯಾಸ್ ಖಾಲಿಯಾಗಿದೆ, ಇನ್ನೇನು," ಎಂದ ಗಂಡ, ಕಾರಿನ ಹತ್ತಿರಕ್ಕೂ ಹೋಗದೆ.

"ಗ್ಯಾಸೇ ಕಣಮ್ಮ," ಎಂದರು ಗಂಡನ ಅಣ್ಣ, ಫೋನಿನಲ್ಲೇ. ಭಾವನಿಗೆ ಗೊತ್ತಿಲ್ಲದ ವಿಷಯ ಅಂತ ಭೂಮಿ ಮೇಲೆ ಯಾವುದೂ ಇರಲಿಲ್ಲ.

ಗ್ಯಾರೇಜಿನವನೂ ಅದನ್ನೇ ಹೇಳಿ ಗ್ಯಾಸ್ ತುಂಬಿದ. ಅವಳನ್ನು ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಜೋರಾಗಿ ಒಂದು ಸುತ್ತು ಹೊಡೆದ. ಗಾಳಿ ತಣ್ಣಗೆ ಬಂತು. "ನೋಡಿದ್ರಾ ಮೇಡಂ?" ಎಂದು ಬೀಗಿದ. ಮಾರನೆಯ ದಿನ ಮತ್ತೆ ಬಿಸಿ. ಎಲ್ಲೋ ಲೀಕ್ ಇರಬೇಕೆಂದು ಪೈಪಿನ ವಾಷರ್ ಬದಲಿಸಿದ, ಮತ್ತೆ ಗ್ಯಾಸ್, ಮತ್ತೆ ಅದೇ ಸುತ್ತು, ಅದೇ "ನೋಡಿದ್ರಾ ಮೇಡಂ?"

ಗಂಡನಿಗೂ ಹುರುಪು ಬಂತು. ಫೋನಿನಲ್ಲಿ ಯಾರದೋ ವಿಡಿಯೋ ನೋಡುತ್ತಾ ಏಸಿ ಫಿಲ್ಟರ್ ಬಿಚ್ಚಿ ತೊಳೆದ. ವಾಪಸ್ ಹಾಕುವಾಗ ಕ್ಲಿಪ್ ಮುರಿಯಿತು. ಅವತ್ತಿನಿಂದ ಬಿಸಿಗಾಳಿಯ ಜೊತೆ ಟಕಟಕ ಸದ್ದೂ ಶುರುವಾಯಿತು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನು ಮುಟ್ಟಬೇಡಿ," ಎಂದಳು.

ಇಷ್ಟರಲ್ಲೇ ಭಾವನ ಮಗಳ ಮದುವೆ ಬಂತು. ಚಿಕ್ಕಮ್ಮನೇ ಕೇಕ್ ಮಾಡಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಅವಳೂ ಹಿಗ್ಗಿ, ಮೂರಂತಸ್ತಿನ ಬಿಳಿ ಕೇಕು ಮಾಡಿ, ಒಂದೊಂದೇ ಎಸಳು ಕೂಡಿಸಿ ಕ್ರೀಮಿನ ಗುಲಾಬಿ ಬಿಡಿಸಿದಳು. ಕೇಕು ಹಿಡಿದುಕೊಳ್ಳಲು ಸ್ವತಃ ಭಾವನೇ ಬಂದು, ಹಿಂದಿನ ಸೀಟಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತರು.

"ಮಾರ್ಕೆಟ್ ಕಡೆಯಿಂದ ಹೋಗಮ್ಮ. ಹತ್ತಿರ."

ಮಾರ್ಕೆಟ್ಟಿನಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ತಣ್ಣಗಿದ್ದ ಗಾಳಿ ಬೆಚ್ಚಗಾಯಿತು, ಬೆಚ್ಚಗಿದ್ದದ್ದು ಬಿಸಿಯಾಯಿತು.

"ಕಿಟಕಿ ತೆಗಿ."

"ಧೂಳು ಬರುತ್ತೆ ಭಾವ, ಕೇಕಿದೆ."

"ಏಸಿ ಆಫ್ ಮಾಡಿ ಆನ್ ಮಾಡು."

ಮಾಡಿದಳು. ಟಕಟಕ.

"ಗ್ಯಾಸು ಸರಿಯಾಗಿ ತುಂಬಿಸಿಲ್ಲ ನೀನು. ನಾನು ಹೇಳಿದ್ದೆ... ಅಯ್ಯೋ, ಒಂದು ಹೂವು ಜಾರ್ತಾ ಇದೆಯಲ್ಲಮ್ಮ!"

"ಭಾವ, ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ!"

ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ. ಭಾವ ಬಾಯಿ ಬಿಟ್ಟುಕೊಂಡು ಕೂತರು. ಆ ನಿಶ್ಶಬ್ದದಲ್ಲಿ ಅವಳ ತಲೆ ಓಡತೊಡಗಿತು. ಮನೆಯಿಂದ ಇಲ್ಲಿಯವರೆಗೂ ತಣ್ಣಗಿತ್ತು. ಗ್ಯಾರೇಜಿನವನು ಸುತ್ತು ಹೊಡೆದಾಗಲೂ ತಣ್ಣಗಿತ್ತು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಬಿಸಿ. ಹಾಗಾದರೆ ನಿಂತಾಗ ಏನೋ ಇಲ್ಲವಾಗುತ್ತಿದೆ. ಏನದು? ಎದುರುಗಾಳಿ!

ಇಂಜಿನ್ ಆರಿಸದೆ ಇಳಿದು ಬಾನೆಟ್ ಎತ್ತಿದಳು. ಹಿಂದಿನ ಗಾಡಿಗಳವರು ಹಾರ್ನ್ ಬಾರಿಸಿಯೇ ಬಾರಿಸಿದರು. ಕಾರು ನಿಂತಾಗಲೂ ಏಸಿಗೆ ಗಾಳಿ ಕೊಡಲೆಂದೇ ಮುಂಭಾಗದಲ್ಲಿರುವ ಫ್ಯಾನು ಕಲ್ಲಿನಂತೆ ನಿಂತಿತ್ತು. ಇಷ್ಟು ದಿನ ಗ್ಯಾಸು ಗ್ಯಾಸು ಎಂದವರಲ್ಲಿ ಒಬ್ಬನಾದರೂ ಇದನ್ನು ನೋಡಬಾರದಿತ್ತೇ? ನಗಬೇಕೋ ಅಳಬೇಕೋ ಗೊತ್ತಾಗದೆ ಬಾನೆಟ್ ದಡಾರನೆ ಮುಚ್ಚಿದಳು.

ಲಾರಿ ಚೂರು ಸರಿದದ್ದೇ ತಡ, ಸಂದಿಯಲ್ಲಿ ತಿರುಗಿಸಿಕೊಂಡು ಊರಾಚೆಯ ರಸ್ತೆ ಹಿಡಿದಳು.

"ಅದು ಸುತ್ತುದಾರಿ! ಮುಹೂರ್ತಕ್ಕೆ—"

"ಸುತ್ತಾದರೂ ಎಲ್ಲೂ ನಿಲ್ಲೋದು ಬೇಡ. ಕಾರು ಓಡ್ತಾ ಇದ್ದರೆ ಏಸಿ ತಣ್ಣಗಿರುತ್ತೆ. ಗಟ್ಟಿಯಾಗಿ ಹಿಡ್ಕೊಳ್ಳಿ."

ರಸ್ತೆ ಬಿಡುವಾಗಿತ್ತು. ಕಾರು ವೇಗ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅವಳ ಬೆವತ ಕುತ್ತಿಗೆಗೆ ತಣ್ಣನೆ ಗಾಳಿ ತಾಕಿತು. ಭಾವ ಡಬ್ಬದೊಳಗೆ ಇಣುಕಿ, "ನಿಂತಿದೆ ಕಣಮ್ಮ, ಜಾರ್ತಿಲ್ಲ," ಎಂದರು, ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ.

ಮದುವೆ ಮನೆಯಲ್ಲಿ ಜಾರಿದ ಗುಲಾಬಿ ಕಿತ್ತು ಹೊಸದು ಬಿಡಿಸಿದಳು. ಮದುಮಗಳು ಕೇಕು ನೋಡಿ, ಸೀರೆಗೆ ಕ್ರೀಮ್ ಅಂಟುವುದನ್ನೂ ಲೆಕ್ಕಿಸದೆ ಚಿಕ್ಕಮ್ಮನನ್ನು ಅಪ್ಪಿಕೊಂಡಳು. ಆಚೆ ಭಾವ ಬೀಗರಿಗೆ ವಿವರಿಸುತ್ತಿದ್ದರು: "ಸುತ್ತುದಾರಿಯಲ್ಲಿ ಹೋಗೋಣ ಅಂದೆ. ತಲೆ ಉಪಯೋಗಿಸಬೇಕು ನೋಡಿ." ಅವಳಿಗೆ ಮೈ ಉರಿಯಿತು. ಮದುವೆ ಮನೆಯಲ್ಲಿ ಬೇಡವೆಂದು ಹಲ್ಲು ಕಚ್ಚಿಕೊಂಡಳು.

ಮದುವೆ ಕಳೆದ ಮೇಲೆ ಗ್ಯಾರೇಜಿನವನನ್ನು ಬಾನೆಟ್ ಎದುರು ನಿಲ್ಲಿಸಿ, "ಇದನ್ನ ನೋಡಿ, ಬೇರೇನೂ ಮುಟ್ಟಬೇಡಿ," ಎಂದಳು. ಫ್ಯಾನಿನ ವೈರು ಪ್ಲಗ್ಗಿನ ಹತ್ತಿರವೇ ತುಂಡಾಗಿತ್ತು. ಅವನು ಅದನ್ನು ಜೋಡಿಸಿಕೊಟ್ಟ.

ವಾಪಸ್ ಬರುವಾಗ ಉರಿಬಿಸಿಲಲ್ಲಿ ಸಿಗ್ನಲ್ ಬಿತ್ತು. ಕಾರು ನಿಂತಿತು. ಗಾಳಿ ತಣ್ಣಗೇ ಬರುತ್ತಿತ್ತು. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

"ಹಸಿರು ಬಿತ್ತು, ಹೊರಡು," ಎಂದ ಪಕ್ಕದಲ್ಲಿದ್ದ ಗಂಡ.

"ಇರಿ ಸ್ವಲ್ಪ," ಎಂದಳು, ಕಣ್ಣು ತೆರೆಯದೆ.